ಕಲಕತ್ತೆಯ ಚೀನೀಯರು

ಕಲಕತ್ತೆಯ ದಕ್ಷಿಣಕ್ಕೆ, ಬಜ್‌ಬಜ್ ಊರನ್ನು ದಾಟಿ ಮುಂದೆ ಹೋದರೆ ಹೂಗ್ಲಿ ನದಿಯ ದಡದಲ್ಲಿ ಅಚಿಪುರವೆಂಬ ಹಳ್ಳಿಯೊಂದು ಸಿಕ್ಕುತ್ತದೆ. ಅಲ್ಲಿ ನೀರಿನಂಚಿನಲ್ಲಿ ಕುದುರೆಲಾಳದ ಆಕಾರದ, ಕೆಂಪು ಬಣ್ಣ ಬಳಿದ ಸಮಾಧಿಯೊಂದಿದೆ. ಟಾಂಗ್ ಅಚ್ಯೂ ಎಂಬ ಚೀನೀಯ ವರ್ತಕನ ಸಮಾಧಿ ಅದು. ಊರಿಗೆ ಹೆಸರು ಬಂದುದೂ ಅವನಿಂದಲೇ. ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಅವನ ಹಿಂದೆ ಬಂದ ಜನರ ಕಥೆಯನ್ನು.

ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆಗಿದ್ದ ಕಾಲ. ಅಚ್ಯೂ ಅವನಿಂದ ಭೂಮಿ ಪಡೆದು, ತನ್ನ ದೇಶದಿಂದ ಆಳುಗಳನ್ನು ಕರೆಸಿ, ಕಬ್ಬು ಬೆಳೆಸಿದ. ನಮ್ಮ ರೈತರು ಆಲೆಮನೆ ಹೂಡುವಂತೆ ಅವನು ಸಕ್ಕರೆಯ ಕಾರ್ಖಾನೆ ಹೂಡಿದ. ಆದರೆ ಆಳುಗಳು ನಿಲ್ಲಲೊಲ್ಲರು. ಹಡಗಿನಿಂದ ತಪ್ಪಿಸಿಕೊಂಡು ಕಲಕತ್ತೆಯಲ್ಲಿ ನೆಲಸಿದ್ದ ಚೀನೀಯರು ಅವರಿಗೆ ಆಸೆ ತೋರಿಸಿ ಸೆಳೆದುಕೊಳ್ಳುತ್ತಿದ್ದರು. ಅಚ್ಯೂ ದೂರಿತ್ತ, 1781ರಲ್ಲಿ ಕಂಪೆನಿ ಸರ್ಕಾರ ಇದನ್ನು ತಡೆಯಲು ಪ್ರಕಟಣೆಯನ್ನೂ ಹೊರಡಿಸಿತು. ಎರಡು ವರ್ಷದೊಳಗೆ ಅಚ್ಯೂ ತೀರಿಕೊಂಡ. ಸಕ್ಕರೆಯ ಸಂಸಾರ ಮುರಿಯಿತು, ಜನ ನಗರವನ್ನು ಸೇರಿತು.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು. ಉತ್ತರದವರು ಸಕ್ಕರೆಯನ್ನು ‘ಚೀನಿ’ ಎನ್ನುವುದು ಅಚ್ಯೂವಿನಿಂದ ಬಂತೆಂದು ಕೆಲವರು ಹೇಳುವುದುಂಟು. ಹಾಗಲ್ಲ, ಆ ಮಾತು ಅವನಿಗಿಂತ ಹಳೆಯದು. ಅದಕ್ಕೂ ಬಹು ಹಿಂದೆ ಕಾಳಿದಾಸನು ‘ಚೀನಾಂಶುಕ’ವನ್ನು, ಎಂದರೆ ಚೀನದ ರೇಷ್ಮೆಯನ್ನು, ಬಲ್ಲವನಾಗಿದ್ದ. ನಮ್ಮ ಮಲೆನಾಡಿನವರು ಸಿಹಿಗುಂಬಳಕ್ಕೆ ‘ಚೀನಿಕಾಯಿ’ ಎನ್ನುತ್ತಾರೆ. ಜನ ಬರುವುದಕ್ಕೆ ಮೊದಲೇ ಹೆಸರು ಬಂದು ನಮ್ಮ ಮನೆಯಲ್ಲಿ ಕುಳಿತಿತ್ತೆನ್ನೋಣ.

ನಗರದಲ್ಲಿ ಅವರು ನೆಲೆ ನಿಂತ ಜಾಗ ಟಿರೆಟ್ಟಾ ಬಜಾರ್. ಊರಿಗೊಂದು ಕಸುಬು, ಕಸುಬಿಗೊಂದು ಬೀದಿ. ಕ್ಯಾಂಟನ್ ಕಡೆಯವರು ಬಡಗಿಗಳು. ಹಡಗುಕಟ್ಟೆಗಳಲ್ಲಿ ಅವರ ಉಳಿಗೆ ಬಹಳ ಬೆಲೆ. ಹುಬೈ ಪ್ರಾಂತದವರು ಹಲ್ಲಿನ ವೈದ್ಯರು. ಹಕ್ಕಾ ಎಂಬ ಪಂಗಡದವರು ಬೆಂಟಿಂಕ್ ಬೀದಿಯಲ್ಲಿ ಬೂಟಿನ ಅಂಗಡಿ ಇಟ್ಟರು. ನಗರದ ಪೂರ್ವಕ್ಕಿದ್ದ ಜೌಗುನೆಲದಲ್ಲಿ, ಟ್ಯಾಂಗ್ರಾದಲ್ಲಿ, ಚರ್ಮ ಹದಮಾಡುವ ಕಾರ್ಖಾನೆಗಳನ್ನು ತೆರೆದರು. ಮೊದಲನೆಯ ಮಹಾಯುದ್ಧ ಅವರ ವ್ಯಾಪಾರವನ್ನು ಕುದುರಿಸಿತು.

ಹೊರಗಿನಿಂದ ಬಂದವರಿಗೆ ಈ ಕಸುಬೇ ಏಕೆ ದಕ್ಕಿತು? ಇದನ್ನು ನಾವು ಕೇಳಿಕೊಳ್ಳಬೇಕು. ಚರ್ಮವನ್ನು ಮುಟ್ಟಿದರೆ ಮೈಲಿಗೆಯೆಂದು ನಮ್ಮ ಮೇಲುಜಾತಿಯ ಬಂಡವಾಳಗಾರರು ದೂರ ನಿಂತರು. ಆ ಕೆಲಸವನ್ನು ತಲೆಮಾರುಗಳಿಂದ ಬಲ್ಲ ನಮ್ಮವರೇ ಆದ ಚಮ್ಮಾರರಿಗೆ ಬಂಡವಾಳವಿರಲಿಲ್ಲ. ನಡುವೆ ಖಾಲಿ ಉಳಿದ ಜಾಗದಲ್ಲಿ ಹಕ್ಕಾ ಜನ ಕಾಲೂರಿದರು. ಚಮ್ಮಾರರು ಅಲ್ಲಿಯೂ ಕೂಲಿಗಳಾಗಿಯೇ ದುಡಿದರು. ಪರದೇಶಿಯ ಏಳಿಗೆಯ ಕಥೆಯಲ್ಲಿ ನಮ್ಮ ಮನೆಯ ಹುಳುಕೂ ಹೀಗೆ ಕಾಣಿಸಿಕೊಳ್ಳುತ್ತದೆ.

ಅವರ ದೇವಸ್ಥಾನಗಳನ್ನು ಕಲಕತ್ತೆಯವರು ‘ಚರ್ಚ್’ ಎಂದೇ ಕರೆಯುತ್ತಾರೆ. ಒಳಗೆ ಹೋದರೆ ಶಿಲುಬೆಯಿಲ್ಲ; ಊದುಬತ್ತಿಯ ಹೊಗೆಯುಂಟು. 1905ರ ಸೀ ಇಪ್ ಚರ್ಚಿನಲ್ಲಿ ಪೂಜೆಗೊಳ್ಳುವವಳು ಕರುಣೆಯ ದೇವಿ ಕ್ವಾನ್ ಯಿನ್. ಈಕೆ ಬೇರೆ ಯಾರೂ ಅಲ್ಲ, ನಮ್ಮ ಅವಲೋಕಿತೇಶ್ವರನೇ ಚೀನಕ್ಕೆ ಹೋಗಿ ಸ್ತ್ರೀರೂಪ ತಾಳಿದುದು. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮನು 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದೂ ಅವಲೋಕಿತೇಶ್ವರನೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅಂದಮೇಲೆ ಆ ವಲಸೆಗಾರರ ಜೊತೆ ಬಂದ ದೇವಿ ತವರಿಗೇ ಮರಳಿದಂತಾಯಿತು. ಅವರೂ ಇಲ್ಲಿಯ ದೇವರನ್ನು ಬಿಡಲಿಲ್ಲ. ಟ್ಯಾಂಗ್ರಾದಲ್ಲಿ ಚೀನೀಯರೇ ನಡೆಸುವ ಕಾಳಿಯ ಗುಡಿಯಿದೆ. ಅಲ್ಲಿ ದೇವಿಗೆ ನೂಡಲ್ಸಿನ ನೈವೇದ್ಯ.

ಇಷ್ಟೆಲ್ಲ ಬೆರೆತ ಮೇಲೂ 1962 ಬಂದಿತು. ಗಡಿಯಲ್ಲಿ ಯುದ್ಧ ನಡೆಯಿತು. ನಮ್ಮ ಯೋಧರು ಹಿಮದಲ್ಲಿ ಪ್ರಾಣ ಕೊಟ್ಟರು. ದೇಶದ ಎದೆ ನೊಂದದ್ದು ಸಹಜವೇ. ಆದರೆ ಆ ನೋವಿನ ಭಾರ ಬಿದ್ದುದು ಯಾರ ಮೇಲೆ? ಅಸ್ಸಾಮಿನ, ಷಿಲ್ಲಾಂಗಿನ, ಡಾರ್ಜಿಲಿಂಗಿನ, ಕಲಕತ್ತೆಯ ಬಡಗಿ, ಚಮ್ಮಾರ, ಅಂಗಡಿಕಾರರ ಮೇಲೆ. ಸುಮಾರು ಮೂರು ಸಾವಿರ ಜನರನ್ನು, ಮುದುಕರು ಮಕ್ಕಳೆನ್ನದೆ, ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಸಾಗಿಸಲಾಯಿತು. ಅವರ ಮೇಲೆ ಮೊಕದ್ದಮೆಯಿಲ್ಲ, ವಿಚಾರಣೆಯಿಲ್ಲ. ಕಡೆಯ ಗುಂಪು ಹೊರಬಂದಾಗ 1967 ಆಗಿತ್ತು. ಎರಡು ಸಾವಿರಕ್ಕೂ ಮಿಕ್ಕಿ ಜನ 1963ರಲ್ಲಿ ಮದರಾಸು ಬಂದರಿನಿಂದ ಹಡಗು ಹತ್ತಿದರು. ಅವರಲ್ಲಿ ಚೀನವನ್ನು ಕಣ್ಣಾರೆ ಕಾಣದವರೂ ಇದ್ದರು. ಹಿಂದೆ ಉಳಿದವರು ಊರು ಬಿಟ್ಟು ಹೋಗಬೇಕಾದರೂ ಪೊಲೀಸರ ಅಪ್ಪಣೆ ಬೇಡಬೇಕಾಯಿತು.

ಯುದ್ಧಕಾಲದಲ್ಲಿ ರಾಜ್ಯಕ್ಕೆ ಎಚ್ಚರಿಕೆ ಬೇಡವೇ ಎಂದು ನೀವು ಕೇಳಬಹುದು. ಬೇಕು. ಗೂಢಚಾರನನ್ನು ಹಿಡಿಯುವುದು ರಾಜಧರ್ಮ. ಆದರೆ ಮಾಡಿದ ಕೆಲಸವನ್ನು ನೋಡಿ ಹಿಡಿಯುವುದು ಬೇರೆ, ಕಣ್ಣಿನ ಆಕಾರವನ್ನು ನೋಡಿ ಹಿಡಿಯುವುದು ಬೇರೆ. ಮೊದಲನೆಯದು ನ್ಯಾಯ, ಎರಡನೆಯದು ಭಯ. ಭಯಕ್ಕೆ ನ್ಯಾಯದ ಉಡುಪು ತೊಡಿಸಿದರೆ ಅದು ನ್ಯಾಯವಾಗುವುದಿಲ್ಲ.

ಆ ಮೇಲೆ ಸಮುದಾಯ ಕರಗುತ್ತ ಬಂದಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನದಿಯ ಮಾಲಿನ್ಯವನ್ನು ತಡೆಯಲು ಚರ್ಮದ ಕಾರ್ಖಾನೆಗಳನ್ನು ನಗರದಿಂದ ಹೊರಗೆ ಸಾಗಿಸುವಂತೆ ಆಜ್ಞೆ ಮಾಡಿತು. ಅನೇಕರು ಕಸುಬು ಬಿಟ್ಟು ಊಟದ ಹೋಟಲು ತೆರೆದರು. ಮಕ್ಕಳು ಕೆನಡದ ಟೊರಾಂಟೊ ಮೊದಲಾದ ಕಡೆಗೆ ಹೋದರು. ಅಲ್ಲಿ ಅವರ ಹೋಟಲುಗಳಲ್ಲಿ ಬಡಿಸುವುದು ಕಲಕತ್ತೆಯ ಖಾರವನ್ನೇ. ಒಂದು ಕಾಲಕ್ಕೆ ಇಪ್ಪತ್ತು ಸಾವಿರವಿದ್ದರೆನ್ನುವ ಜನ ಈಗ ಒಂದೆರಡು ಸಾವಿರ ಮಾತ್ರ.

ನಮಗೂ ಅವರಿಗೂ ಏನು ನಂಟು ಎನ್ನಬೇಡಿ. ಸಂಜೆ ಹೊತ್ತು ನಮ್ಮ ಊರಿನ ಕೈಗಾಡಿಯ ಮುಂದೆ ಹುಡುಗರು ಗುಂಪುಗೂಡಿ ತಿನ್ನುವ ಗೋಬಿ ಮಂಚೂರಿಯ ಮೂಲವನ್ನು ಹುಡುಕಿದರೆ ಕಲಕತ್ತೆಯ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಸಿಗುತ್ತಾನೆ. ಅವನು 1975ರ ಸುಮಾರಿಗೆ ಮುಂಬಯಿಯಲ್ಲಿ ಕೋಳಿಯ ಮಂಚೂರಿ ಮಾಡಿದನೆಂದು ಹೇಳುತ್ತಾರೆ. ನಾವು ಅದನ್ನು ಹೂಕೋಸಿಗೆ ಒಗ್ಗಿಸಿಕೊಂಡೆವು.

ಒಂದು ಜನದ ಅಡಿಗೆಯನ್ನು ಒಗ್ಗಿಸಿಕೊಳ್ಳುವುದು ಸುಲಭ, ನಾಲಗೆ ಒಪ್ಪಿದರೆ ಸಾಕು. ಆ ಜನವನ್ನೇ ನಮ್ಮವರೆಂದು ಒಪ್ಪಿಕೊಳ್ಳಲು ಮನಸ್ಸು ಒಪ್ಪಬೇಕು. ಹುಟ್ಟಿದ ಮಣ್ಣು, ಆಡುವ ಭಾಷೆ, ದುಡಿದ ಬೆವರು ಎಲ್ಲವೂ ಇಲ್ಲಿಯದಾಗಿದ್ದವನನ್ನು ‘ನೀನು ಯಾವ ದೇಶದವನು?’ ಎಂದು ಕೇಳುವ ಮುನ್ನ, ಅದೇ ಪ್ರಶ್ನೆಯನ್ನು ದೂರದೇಶದಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಗನಿಗೆ ಯಾರಾದರೂ ಕೇಳಿದರೆ ಹೇಗಿದ್ದೀತೆಂದು ಒಂದು ಕ್ಷಣ ಯೋಚಿಸೋಣ. ಇಷ್ಟನ್ನು ಕಲಿತರೆ ಚರಿತ್ರೆಯನ್ನು ಓದಿದುದು ಸಾರ್ಥಕ.