ಕಿರ್ಲೋಸ್ಕರವಾಡಿಯ ಪಾಠಗಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶಬ್ದಮಣಿದರ್ಪಣದ ಸೂತ್ರಗಳನ್ನು ಮಕ್ಕಳಿಗೆ ಬಿಡಿಸಿ ಹೇಳುತ್ತ ಇಪ್ಪತ್ತು ವರ್ಷ ಕಳೆದ ನಮ್ಮನ್ನು ಸಂಘದ ಕಾರ್ಯದರ್ಶಿಗಳು ‘ಸ್ವಂತ ಉದ್ಯಮ’ವನ್ನು ಕುರಿತು ಮಾತನಾಡಬೇಕೆಂದು ಕೇಳಿದಾಗ ನಮಗೆ ಮೊದಲು ನಗು ಬಂದಿತು. ತಿಂಗಳ ಮೊದಲ ದಿನ ಸಂಬಳ ಕೈಸೇರದಿದ್ದರೆ ಎರಡನೆಯ ದಿನವೇ ಮುಖ ಬಾಡಿಸಿಕೊಳ್ಳುವ ವರ್ಗ ನಮ್ಮದು. ಕಿರ್ದಿ ಖತಾವಣಿಗಳ ಮುಖವನ್ನು ನಾವು ಕಂಡವರಲ್ಲ. ಸಾಂಗಲಿಯ ಅಡತಿ ಅಂಗಡಿಗಳಲ್ಲಿ ಅರಿಸಿನದ ಚೀಲಗಳ ನಡುವೆ ಕುಳಿತು ಆಯುಷ್ಯ ಸವೆಸಿದ ಹಿರಿಯರು ಈ ಸಭೆಯಲ್ಲಿಯೇ ಇರುವಾಗ ನಾವು ಈ ವಿಷಯವನ್ನೆತ್ತುವುದು ಈಜು ಬಲ್ಲವರ ಮುಂದೆ ದಡದಲ್ಲಿ ನಿಂತವನು ಹೊಳೆಯನ್ನು ವರ್ಣಿಸಿದಂತೆ. ಆದರೂ ಒಪ್ಪಿಕೊಂಡೆವು. ಅದಕ್ಕೆ ಎರಡು ಕಾರಣಗಳುಂಟು. ಒಂದನ್ನು ಈಗಲೇ ಅರಿಕೆ ಮಾಡಿಕೊಳ್ಳುತ್ತೇವೆ. ಇನ್ನೊಂದು ನಮ್ಮ ತಪ್ಪೊಪ್ಪಿಗೆ, ಅದು ಕೊನೆಗಿರಲಿ.

ಮಿರಜದಿಂದ ಪುಣೆಯ ಕಡೆಗೆ ರೈಲಿನಲ್ಲಿ ಹೊರಟರೆ ಸಾಂಗಲಿಯನ್ನು ದಾಟಿದ ಮೇಲೆ ಕಿರ್ಲೋಸ್ಕರವಾಡಿಯೆಂಬ ನಿಲ್ದಾಣವು ಬರುತ್ತದೆ. ಹಿಂದೆ ಅದಕ್ಕೆ ಕುಂಡಲ ರೋಡ ಎಂದು ಹೆಸರು. ಆ ನಿಲ್ದಾಣದ ಹೆಸರನ್ನು ಬದಲಿಸಿದ ಮಹಾಶಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು. ಮರಾಠೀ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರೇ. ಮನೆಮಾತು ಮರಾಠಿ, ಊರಮಾತು ಕನ್ನಡ. ನಮ್ಮ ಗಡಿನಾಡಿನಲ್ಲಿ ಇಂಥ ಮನೆಗಳು ಎಷ್ಟಿಲ್ಲ! ಲಕ್ಷ್ಮಣರಾಯ ಕಿರ್ಲೋಸ್ಕರರನ್ನು ಯಾವ ಭಾಷೆಯವರು ತಮ್ಮವರೆನ್ನಬೇಕೆಂಬ ಜಗಳಕ್ಕೆ ನಾವು ಹೋಗುವವರಲ್ಲ. ಅವರು ದುಡಿದು ಕಲಿತ ಪಾಠಗಳಲ್ಲಿ ನಮಗೂ ಪಾಲುಂಟೆಂಬಷ್ಟೇ ನಮ್ಮ ವಾದ.

ತಂದೆ ವೇದಾಂತವನ್ನು ಬಲ್ಲವರು. ಮಗನಿಗೆ ಪುಸ್ತಕಕ್ಕಿಂತ ಚಿತ್ರದಲ್ಲಿಯೂ ಯಂತ್ರದಲ್ಲಿಯೂ ಆಸೆ. ಚಿತ್ರಕಲೆಯನ್ನು ಕಲಿಯಲೆಂದು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ ತರುಣನಿಗೆ ಕೆಲವು ಬಣ್ಣಗಳ ಭೇದವು ಕಣ್ಣಿಗೆ ತಿಳಿಯುವುದಿಲ್ಲವೆಂಬುದು ಅಲ್ಲಿ ಗೊತ್ತಾಯಿತು. ಬಣ್ಣ ಕಾಣದವನು ಚಿತ್ರಕಾರನಾಗುವುದೆಂತು? ಬಣ್ಣ ಬೇಡದ ಯಂತ್ರರೇಖನವನ್ನು ಅವರು ಹಿಡಿದರು. ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಅಂದರೆ ಮೊದಲಿಗೆ ಅವರೂ ನಮ್ಮ ಪಂಗಡದವರೇ, ಮೇಷ್ಟರೇ! ಅಲ್ಲಿ ಬಡತಿಯ ಸರದಿ ಬಂದಾಗ ಅದು ಇವರನ್ನು ಬಿಟ್ಟು ಬೇರೊಬ್ಬನಿಗೆ ಹೋಯಿತು. ನಮ್ಮಂಥವರಾಗಿದ್ದರೆ ನಾಲ್ಕು ಅರ್ಜಿ ಬರೆದು, ಶಿಕ್ಷಕರ ಕೊಠಡಿಯಲ್ಲಿ ಹತ್ತು ವರ್ಷ ಅದನ್ನೇ ಹೇಳಿಕೊಂಡು, ನಿವೃತ್ತಿಯ ದಿನದ ಭಾಷಣದಲ್ಲಿಯೂ ಅದನ್ನು ಸೇರಿಸುತ್ತಿದ್ದೆವು. ಲಕ್ಷ್ಮಣರಾಯರು ರಾಜೀನಾಮೆಯಿತ್ತು ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಬರಿಯ ನೆಲವೇನೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ನೌಕರಿಯಲ್ಲಿರುವಾಗಲೇ, 1888ರಲ್ಲಿ, ಅಣ್ಣ ರಾಮುಅಣ್ಣನವರೊಡನೆ ಅಲ್ಲಿ ಸಾಯಿಕಲ್ ಅಂಗಡಿಯನ್ನು ತೆರೆದಿದ್ದರು. ತಮ್ಮನು ಮುಂಬಯಿಯಲ್ಲಿ ಕೊಂಡು ಕಳಿಸುವುದು. ಅಣ್ಣನು ಬೆಳಗಾವಿಯಲ್ಲಿ ಮಾರಿ, ಕೊಂಡವನಿಗೆ ಹತ್ತಿ ನಡೆಸುವುದನ್ನೂ ಕಲಿಸುವುದು. ಧುಮುಕುವ ಮುನ್ನ ನೀರಿನ ಆಳವನ್ನು ಕಾಲಿಟ್ಟು ನೋಡಿದವರು ಅವರು. ಎಲ್ಲವನ್ನೂ ಬಿಟ್ಟು ಹೊರಟ ಸಾಹಸಿಗಳ ಕಥೆಯನ್ನು ಹೇಳುವವರು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

ಈಗ ಅವರ ಕಬ್ಬಿಣದ ನೇಗಿಲಿನ ಮಾತು. ಸಾಯಿಕಲ್ಲಿನ ವ್ಯಾಪಾರದಿಂದ ಅವರು ಒಕ್ಕಲುತನದ ಸಲಕರಣೆಗಳತ್ತ ತಿರುಗಿದರು. ಮೊದಲು ಕಣಿಕೆ ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಯಂತ್ರ ಸಿದ್ಧವಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹಿಂಜರಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಓದಿದ ನಾವು ರೈತನ ಅಜ್ಞಾನವನ್ನು ಕಂಡು ಮುಗುಳುನಗುತ್ತೇವೆ. ಆದರೆ ಒಂದಿಷ್ಟು ತಾಳಿ ಯೋಚಿಸೋಣ. ಮರದ ನೇಗಿಲನ್ನು ಊರ ಬಡಿಗನು ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ಅವನ ಲೆಕ್ಕ ಮುಗಿಯಿತು. ಮುರಿದರೆ ಸಂಜೆಯೊಳಗೆ ಅವನೇ ಸರಿಪಡಿಸುವನು. ಕಬ್ಬಿಣದ ನೇಗಿಲಿಗಾದರೋ ರೋಖ ಹಣ ಬೇಕು. ಅದರ ಕುಳ ಸವೆದರೆ ಯಾರ ಬಳಿಗೆ ಹೋಗಬೇಕು? ಬಿತ್ತುವ ಹದ ಕೈತಪ್ಪಿದರೆ ವರ್ಷದ ಅನ್ನವನ್ನು ಯಾರು ಕೊಡುತ್ತಾರೆ? ‘ವಿಷ’ವೆಂದು ರೈತನು ಅಂದದ್ದರೊಳಗೆ ಇಷ್ಟೆಲ್ಲ ಪ್ರಶ್ನೆಗಳು ಅಡಗಿದ್ದವೆಂದು ನಮಗೆ ತೋರುತ್ತದೆ. ಶಬ್ದಕ್ಕೆ ವಾಚ್ಯಾರ್ಥವೊಂದೇ ಅಲ್ಲ, ವ್ಯಂಗ್ಯಾರ್ಥವೂ ಉಂಟೆಂದು ಆಲಂಕಾರಿಕರು ಹೇಳುತ್ತಾರಲ್ಲವೆ? ಕೊಳ್ಳುವವನ ‘ಬೇಡ’ವೆಂಬ ಮಾತಿಗೂ ಅದುಂಟು. ಎರಡು ವರ್ಷ ‘ಬೇಡ’ವನ್ನೇ ಕೇಳಿಸಿಕೊಂಡು, ರೈತನನ್ನು ಬೈಯದೆ, ಕುಲುಮೆಯನ್ನು ಆರಿಸದೆ ಇದ್ದ ಆ ತಾಳ್ಮೆಯ ಬೆಲೆಯನ್ನು ಅಂಗಡಿಯಿಟ್ಟವರು ನಮಗಿಂತ ಚೆನ್ನಾಗಿ ಬಲ್ಲರು.

ನೇಗಿಲಿಗೆ ಗಿರಾಕಿಗಳು ಹುಟ್ಟಿಕೊಂಡ ಹೊತ್ತಿಗೆ ಇನ್ನೊಂದು ಬಾಗಿಲು ಮುಚ್ಚಿತು. ಬೆಳಗಾವಿಯಲ್ಲಿ ಕಾರ್ಖಾನೆಯಿದ್ದ ನೆಲವನ್ನು ಪೇಟೆಯ ವಿಸ್ತರಣೆಗಾಗಿ ತೆರವು ಮಾಡಬೇಕಾಗಿ ಬಂತು. ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ತಮ್ಮ ಸೀಮೆಗೆ ಕರೆದು, ಸಾಲವನ್ನೂ ಕುಂಡಲ ರೋಡಿನ ಬಳಿ 32 ಎಕರೆ ನೆಲವನ್ನೂ ಒದಗಿಸಿದರು. ನೆಲವೆಂದರೆ ಪಾಪಾಸುಕಳ್ಳಿಯ ಪೊದೆ, ಅದರೊಳಗೆ ನಾಗರಹಾವು. 1910ರ ಮಾರ್ಚಿನಲ್ಲಿ ಇಪ್ಪತ್ತೈದರಷ್ಟು ಕೆಲಸಗಾರರು ಹೆಂಡಿರು ಮಕ್ಕಳೊಂದಿಗೆ ಅಲ್ಲಿಗೆ ಬಂದಿಳಿದರು. ಬೆಳಗಾವಿಯ ಒಲೆಯನ್ನು ಆರಿಸಿ, ಕಳ್ಳಿಗಾಡಿನಲ್ಲಿ ಮೂರು ಕಲ್ಲು ಹೂಡಿದ ಆ ಹೆಣ್ಣುಮಕ್ಕಳ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ನಮಗೆ ಕಾಣಲಿಲ್ಲ. ಯಜಮಾನನ ಧೈರ್ಯವನ್ನು ಹೊಗಳುವವರು, ಆ ಯಜಮಾನನನ್ನು ನಂಬಿ ಬಂದವರ ಧೈರ್ಯಕ್ಕೂ ಒಂದು ಪುಟವನ್ನು ಮೀಸಲಿಡಬೇಕು.

ಆ ನಂಬಿಕೆಯನ್ನು ಲಕ್ಷ್ಮಣರಾಯರು ಹಿಂದಿರುಗಿಸಿದ ರೀತಿ ನಮಗೆ ಎಲ್ಲಕ್ಕಿಂತ ಪ್ರಿಯವಾದುದು. ಶಾಲೆಯಲ್ಲಿ ಹಿಂದೆ ಬಿದ್ದವನೊಬ್ಬನು ಅವರ ಬಳಿ ವ್ಯವಸ್ಥಾಪಕನಾದ. ಓದನ್ನು ನಡುವೆ ಬಿಟ್ಟವನೊಬ್ಬನು ಯಂತ್ರಗಳ ಕಲ್ಪಕನಾದ. ಗುಮಾಸ್ತನಾಗಿ ಬಂದವನು ಲೆಕ್ಕಪತ್ರಗಳ ಮುಖ್ಯನಾದ. ದರೋಡೆಗಾಗಿ ಶಿಕ್ಷೆಯನ್ನನುಭವಿಸಿದ್ದ ಇಬ್ಬರನ್ನು ಅವರು ವಾಡಿಯ ಕಾವಲಿಗೇ ನಿಲ್ಲಿಸಿದರು! ಅಂಕಪಟ್ಟಿಯನ್ನು ನೋಡಿ ಮಕ್ಕಳ ಹಣೆಬರಹವನ್ನು ಓದುವ ನಾವು ಇಲ್ಲಿ ತಲೆತಗ್ಗಿಸಬೇಕು.

ಅವರ ಇಳಿವಯಸ್ಸಿನಲ್ಲಿ, 1948ರ ಆರಂಭದಲ್ಲಿ, ಮಹಾತ್ಮರ ಹತ್ಯೆಯ ತರುವಾಯ ಎದ್ದ ಗಲಭೆಯಲ್ಲಿ ವಾಡಿಯ ಕಾರ್ಖಾನೆಗೆ ಬೆಂಕಿ ಬಿತ್ತು. ನೆರೆಹೊರೆಯ ಸೀಮೆಯೇ ಹೀಗೆ ತಿರುಗಿಬಿದ್ದಾಗ ಎಪ್ಪತ್ತೆಂಟರ ಮುದುಕನಿಗೆ ಎಂಥ ನೋವಾಗಿರಬೇಕು! ಆದರೂ ಕಾರ್ಖಾನೆ ಮತ್ತೆ ನಡೆಯಿತು. ಇಂದಿಗೂ ಅಲ್ಲಿ ಪಂಪುಗಳು ತಯಾರಾಗುತ್ತಿವೆ. ಕನ್ನಡನಾಡಿಗೂ ಆ ಮನೆತನದ ಉದ್ಯಮ ಮರಳಿತು: 1941ರಲ್ಲಿ ಹರಿಹರಕ್ಕೆ, 1946ರಲ್ಲಿ ಬೆಂಗಳೂರಿಗೆ. ಹರಿಹರದ ಕಾರ್ಖಾನೆಯು ಕಾಲಾಂತರದಲ್ಲಿ ಮುಚ್ಚಿಹೋಯಿತೆಂಬುದನ್ನೂ ಮರೆಮಾಚಬಾರದು. ದೊಡ್ಡ ಹೆಸರಿದ್ದ ಮಾತ್ರಕ್ಕೆ ಯಾವ ಅಂಗಡಿಯೂ ಚಿರಂಜೀವಿಯಲ್ಲ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಮುಂದೆ ಐದು ವಾರಗಳಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, ಅವರು ಹುಟ್ಟಿದ ಊರು ಒಂದು ರಾಜ್ಯದಲ್ಲಿ, ಕಟ್ಟಿದ ಊರು ಇನ್ನೊಂದರಲ್ಲಿ ಉಳಿದವು.

ದೊಡ್ಡವರ ಮಾತಾಯಿತು. ಬಂಡವಾಳವಿಲ್ಲದವರ ಮಾತೇನು ಎಂದು ಕೇಳುವವರು ಈ ಮಿರಜದ ಓಣಿಯಲ್ಲಿಯೇ ನಾಲ್ಕು ಹೆಜ್ಜೆ ನಡೆದರೆ ಸಾಕು. ಇಲ್ಲಿಯ ಸಿತಾರು ತಂಬೂರಿಗಳನ್ನು ಮಾಡುವ ಮನೆತನಗಳ ಪೂರ್ವಿಕರು ಶಿಕಲಗಾರರು. ಕತ್ತಿ ಕಠಾರಿಗಳಿಗೆ ಸಾಣೆಯಿಡುವವರು. ಇಂಗ್ಲಿಷರ ಆಳಿಕೆಯಲ್ಲಿ ಕತ್ತಿಗೆ ಕೆಲಸವಿಲ್ಲದಂತಾಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫರೀದಸಾಹೇಬರೆಂಬವರು ಅದೇ ಕೈಗಳಿಂದ ಸಿತಾರು ಮಾಡತೊಡಗಿದರು. ಪಂಢರಪುರದ ಕಡೆಯಿಂದ ಬರುವ ದೊಡ್ಡ ಸೋರೆಬುರುಡೆಗಳನ್ನು ತಂದು, ಒಣಗಿಸಿ, ಕಾಯ್ದು ಕೂಡಬೇಕು. ಹಸಿಯಿದ್ದಾಗ ಕೊಯ್ದರೆ ನಾದ ಕೆಡುತ್ತದೆ. ಅಟ್ಟದ ಮೇಲೆ ತೂಗಿದ ಆ ಬುರುಡೆಗಳೇ ಅವರ ಬಂಡವಾಳ. ಬಡ್ಡಿಯಿಲ್ಲದೆ, ಮಾತಿಲ್ಲದೆ ಅದು ಒಣಗುತ್ತಿರುತ್ತದೆ. ಧಾರವಾಡ ಸೀಮೆಯ ನಮ್ಮ ಗಾಯಕರು ತಂಬೂರಿಗಾಗಿ ಮಿರಜಕ್ಕೆ ಬರುವುದು ಹಳೆಯ ರೂಢಿ. 2024ರಲ್ಲಿ ಮಿರಜದ ಸಿತಾರು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಇನ್ನು ತಪ್ಪೊಪ್ಪಿಗೆ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ ನಮ್ಮ ಬಳಿಗೆ ಬಂದ ಹುಡುಗನೊಬ್ಬನಿದ್ದ. ಸಂಧಿ ಸಮಾಸಗಳಲ್ಲಿ ಅಷ್ಟಕ್ಕಷ್ಟೇ. ಆದರೆ ಶಾಲೆಯ ಬಾವಿಯ ಪಂಪು ಕೆಟ್ಟರೆ ಮುಖ್ಯೋಪಾಧ್ಯಾಯರು ಅವನನ್ನೇ ಕೂಗುತ್ತಿದ್ದರು. ಹದಿನಾಲ್ಕು ವರ್ಷಗಳ ಕೆಳಗೆ ಅವನು ನಮ್ಮ ಮನೆಗೆ ಬಂದ. ಮಿರಜದಲ್ಲಿ ಪಂಪು ಮೋಟರುಗಳ ದುರಸ್ತಿಯ ಅಂಗಡಿಯನ್ನು ಹಾಕಬೇಕು, ಸಾಲದ ಕಾಗದಕ್ಕೆ ಜಾಮೀನಾಗಿ ಸಹಿ ಬೇಕು ಎಂದ. ನಾವು ಅವನಿಗೆ ಒಂದು ಗಂಟೆ ಉಪದೇಶ ಮಾಡಿದೆವು. ಗಡಿಯಲ್ಲಿ ಕನ್ನಡ ಓದಿದವನಿಗೆ ಶಿಕ್ಷಕನ ಕೆಲಸವೊಂದೇ ಭದ್ರ, ಅದರ ತರಬೇತಿಗೆ ಸೇರು ಎಂದೆವು. ಸಹಿ ಮಾಡಲಿಲ್ಲ. ಅವನು ಚಹದ ಬಟ್ಟಲನ್ನು ತಾನೇ ತೊಳೆದಿಟ್ಟು, ನಮಸ್ಕರಿಸಿ ಹೋದ.

ತರಬೇತಿಗೆ ಅವನು ಹೋಗಲಿಲ್ಲ. ಬೇರೆಯವರ ಅಂಗಡಿಯಲ್ಲಿ ತಂತಿ ಸುತ್ತುತ್ತ ಹಣ ಕೂಡಿಸಿ ಕೊನೆಗೆ ತನ್ನದೇ ಒಂದು ಸಣ್ಣ ಗಾಳೆಯನ್ನು ಹಿಡಿದ. ಮೊದಲ ವರ್ಷ ಪರಿಚಯದವರೆಂದು ಉದ್ರಿ ಕೊಟ್ಟು ಕೈಸುಟ್ಟುಕೊಂಡ. ಎರಡನೆಯ ವರ್ಷ ಒಬ್ಬ ರೈತನ ಮೋಟರನ್ನು ತಾನೇ ತಪ್ಪಾಗಿ ಸುತ್ತಿ ಸುಟ್ಟುಹಾಕಿದ. ಗೊತ್ತಾಗದಂತೆ ಸಾಗಹಾಕಬಹುದಿತ್ತು, ತನ್ನ ಹಣದಿಂದ ಹೊಸ ತಾಮ್ರದ ತಂತಿ ತಂದು ಮತ್ತೆ ಸುತ್ತಿಕೊಟ್ಟ. ಆ ರೈತನೇ ತನ್ನ ಊರಿನ ಗಿರಾಕಿಗಳನ್ನೆಲ್ಲ ಅವನ ಅಂಗಡಿಗೆ ತಿರುಗಿಸಿದನಂತೆ. ಇಂದು ಅವನ ಅಂಗಡಿಯಲ್ಲಿ ನಾಲ್ವರು ಕೆಲಸಗಾರರು. ಅವರಲ್ಲಿ ಇಬ್ಬರು ನಾವೇ ‘ಇವರಿಂದ ಏನೂ ಆಗದು’ ಎಂದು ಕೈಬಿಟ್ಟ ಕನ್ನಡ ಶಾಲೆಯ ಹುಡುಗರು. ಗಿರಾಕಿಯೊಡನೆ ಅವನ ಭಾಷೆಯಲ್ಲಿಯೇ ಮಾತು. ಲೆಕ್ಕದ ವಹಿ ಮಾತ್ರ ಕನ್ನಡದಲ್ಲಿ. ಅದನ್ನು ಅವನು ತೋರಿಸಿದಾಗ ಅಕ್ಷರದೋಷಗಳೆಡೆಗೆ ನಮ್ಮ ಕಣ್ಣು ಹೋಯಿತೆಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ಹೋದ ದೀಪಾವಳಿಯ ಪಾಡ್ಯದಂದು ವಹಿಪೂಜೆಗೆ ಅವನು ನಮ್ಮನ್ನು ಕರೆದಿದ್ದ. ಪೂಜೆ ಮುಗಿದ ಮೇಲೆ, ಅಂದು ಸಹಿ ಮಾಡದೆ ಹೋದದ್ದು ಒಳ್ಳೆಯದೇ ಆಯಿತಲ್ಲಪ್ಪಾ, ನಿನ್ನ ಕಾಲ ಮೇಲೆ ನೀನು ನಿಂತೆ ಎಂದೆವು. ಅವನು ಹೌದೆನ್ನುವನೆಂಬ ಆಸೆ ನಮ್ಮಲ್ಲಿತ್ತು. ಅವನು ಸಕ್ಕರೆಯ ತಟ್ಟೆಯನ್ನು ನಮ್ಮ ಮುಂದೆ ಸರಿಸುತ್ತ, “ಸುಳ್ಳ ಯಾಕ ಹೇಳ್ಲಿರಿ ಸರ, ನಾಕ ವರ್ಷ ತಡಾ ಆತ್ರಿ. ಆ ನಾಕ ವರ್ಷದಾಗ ಅಪ್ಪ ಹ್ವಾದ. ಅವಂಗ ಈ ಅಂಗಡಿ ನೋಡೂದ ಆಗ್ಲಿಲ್ಲ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರವಾಗುತ್ತಿತ್ತು.

ಲಕ್ಷ್ಮಣರಾಯರಿಗೆ ಒಬ್ಬ ಪಂತ ಪ್ರತಿನಿಧಿ ಸಿಕ್ಕಿದರು. ಕುಂಡಲ ರೋಡಿನ ಕಥೆಯನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ ನಾವು ಅದರಲ್ಲಿ ಸಾಲ ಕೊಟ್ಟ ಆ ಕೈಯ ಪಾತ್ರವನ್ನು ನೆನೆದಿರಲಿಲ್ಲ. ನಮ್ಮ ಸಂಘದಲ್ಲಿ ವಿದ್ಯಾರ್ಥಿವೇತನದ ನಿಧಿಯೊಂದಿದೆ. ಹೆಚ್ಚು ಅಂಕ ಪಡೆದವರಿಗೆ ಅದು ಸಲ್ಲುತ್ತದೆ, ಸಲ್ಲಲಿ. ಅದರ ಮಗ್ಗುಲಲ್ಲಿ, ಉಪಕರಣಗಳನ್ನು ಕೊಳ್ಳಲು ಬಡ್ಡಿಯಿಲ್ಲದೆ ಕಡ ಕೊಡುವ ಸಣ್ಣದೊಂದು ನಿಧಿಯನ್ನು ಈ ವರ್ಷ ತೆರೆಯಬೇಕೆಂದು ಕಾರ್ಯಕಾರಿ ಸಮಿತಿಯ ಮುಂದೆ ನಾವು ಸೂಚನೆಯನ್ನಿಟ್ಟಿದ್ದೇವೆ. ನಮ್ಮ ಒಂದು ತಿಂಗಳ ಸಂಬಳವನ್ನು ಖಜಾಂಚಿಗಳ ಕೈಗೆ ಇಂದು ಬೆಳಿಗ್ಗೆ ಒಪ್ಪಿಸಿದ್ದೇವೆ. ಜಾಮೀನಿನ ಕಾಗದ ಬಂದರೆ ಮೊದಲ ಸಹಿ ನಮ್ಮದು. ಇದು ಮುಳುಗಬಹುದೆಂದು ಹೆದರುವವರು ನಮ್ಮಲ್ಲಿದ್ದಾರೆ. ಕೆಲವು ಕಂತುಗಳು ಮುಳುಗಲೂಬಹುದು. ಆ ಮಾತನ್ನು ಸಮಿತಿಯ ಸಭೆಯಲ್ಲಿ ಬಿಚ್ಚಿ ಚರ್ಚಿಸೋಣ.

ಇಂದು ಈ ವೇದಿಕೆಯ ಮೇಲೆ ನಮ್ಮ ಪಕ್ಕದಲ್ಲಿರುವ ಈ ಬರಿದಾದ ಕುರ್ಚಿಯು ಅವನಿಗಾಗಿಯೇ ಹಾಕಿಸಿದ್ದು. ಮಧ್ಯಾಹ್ನ ಅವನಿಂದ ಹೇಳಿಕೆ ಬಂತು: ಆರಗದಲ್ಲಿ ಒಬ್ಬರ ಬಾವಿಯ ಪಂಪು ನಿಂತಿದೆ, ಕಬ್ಬು ಒಣಗುತ್ತಿದೆ, ಮೋಟರನ್ನು ಮೇಲೆತ್ತಿ ಬಿಚ್ಚಿಟ್ಟಾಗಿದೆ, ನೀರು ಬಿದ್ದ ಮೇಲೆ ಬರುತ್ತೇನೆ ಎಂದು. ಅವನು ಬಂದರೆ ಅವನಿಗೂ ಎರಡು ಮಾತನಾಡಲು ಅಧ್ಯಕ್ಷರು ಅಪ್ಪಣೆ ಕೊಡಬೇಕೆಂದು ಬೇಡಿಕೊಂಡು ನಾವು ಕುಳಿತುಕೊಳ್ಳುತ್ತೇವೆ.