ಮಾಳಿಗೆಯ ಗುಬ್ಬಿ, ಸಿರುಗುಪ್ಪದ ಎರೆಭೂತ



ಬಾಲಕ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಗುರುತು ಕಂಡು, ಅದೇನೆಂದು ವಿಚಾರಿಸಹೊರಟು, ಮುಂದೆ ದೇಶದ ದೊಡ್ಡ ಪಕ್ಷಿತಜ್ಞರಾದರು. ಎರೆಭೂತವನ್ನು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡನ್ನು, ರಾಷ್ಟ್ರಪಕ್ಷಿ ಮಾಡಬೇಕೆಂಬುದು ಅವರ ವಾದವಾಗಿತ್ತು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು.

ಆ ಹಕ್ಕಿ ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಇನ್ನೂ ಇದೆ, ಬೆರಳೆಣಿಕೆಯಷ್ಟು ಮಾತ್ರ. ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ! ಹುಲ್ಲುಬಯಲು ನೀರಾವರಿ ಗದ್ದೆಯಾದರೆ, ನಾಯಿಗಳು ಹೆಚ್ಚಿದರೆ ಅದಕ್ಕೆ ನೆಲೆಯಿಲ್ಲ. ಅದನ್ನು ಉಳಿಸಲು ಸರ್ಕಾರವೂ ರೈತರೂ ಸೇರಬೇಕು.

ಪೇಟೆಯವರಾದ ನಮ್ಮ ಕೈಗೆ ಎಟಕುವುದು ಗುಬ್ಬಿ. ಸತ್ಯನಾರಾಯಣಪೇಟೆಯ ಮಾಳಿಗೆಗಳ ಮೇಲೆ ಬೇಸಿಗೆಯಲ್ಲಿ ಮಣ್ಣಿನ ಬಟ್ಟಲಲ್ಲಿ ನೀರಿಡಿ, ದಿನವೂ ಬದಲಿಸಿ. ಸಜ್ಜೆ ಚೆಲ್ಲಿದರೆ ಸಾಲದು, ಮರಿಗಳಿಗೆ ಬೇಕಾದದ್ದು ಹುಳು. ಆದ್ದರಿಂದ ಕುಂಡದ ಗಿಡಗಳಿಗೆ ಔಷಧಿ ಹೊಡೆಯಬೇಡಿ.