ಅಪ್ಪನ ಬ್ಲಡ್ ರಿಪೋರ್ಟ್‌ನಲ್ಲೇ ಇದೆ ಲಿವರ್ ಲೆಕ್ಕ

ಇವತ್ತು ಮನೆಗೆ ಹೋದ ಮೇಲೆ ಅಪ್ಪ ಅಥವಾ ಅಮ್ಮನ ಹೆಲ್ತ್ ಚೆಕಪ್ ಫೈಲ್ ಒಮ್ಮೆ ತೆಗೀರಿ. ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’ ಅಂತ ಇದ್ರೆ, ‘ಅಯ್ಯೋ, ಎಲ್ಲರಿಗೂ ಇರೋದೇ ಬಿಡು’ ಅಂತ ಮಡಚಿ ಬೀರುವಿನಲ್ಲಿ ಇಟ್ಟಿರ್ತಾರೆ.

ಕೊಬ್ಬು ಇದೆಯಾ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ, ಲಿವರ್ ಒಳಗೆ ಗಾಯದ ಕಲೆ ಕಟ್ಟುತ್ತಿದೆಯಾ ಅನ್ನೋದು. ಅದೇ ಫೈಬ್ರೋಸಿಸ್. ಪದೇ ಪದೇ ಪೆಟ್ಟು ತಿಂದ ಜಾಗದಲ್ಲಿ ಕೊಲಾಜೆನ್ ನಾರು ತುಂಬಿಕೊಳ್ಳುತ್ತೆ, ಮುಂದುವರಿದರೆ ಸಿರೋಸಿಸ್. ವರ್ಷಗಟ್ಟಲೆ ನೋವೇ ಇರಲ್ಲ, ಅದೇ ತೊಂದರೆ. ಹಿಂದೆ ಇದನ್ನು ತಿಳಿಯಲು ಸೂಜಿ ಚುಚ್ಚಿ ಚೂರು ತೆಗೆಯುವ ಬಯಾಪ್ಸಿಯನ್ನೇ ನಂಬಬೇಕಿತ್ತು. ಆ ಚೂರಾದರೂ ಎಷ್ಟು? ಇಡೀ ಲಿವರಿನ ಸುಮಾರು 50,000ದಲ್ಲಿ ಒಂದು ಪಾಲು!

ಈಗ ಮೊದಲ ಜರಡಿಗೆ ಮಾಮೂಲಿ ರಕ್ತ ಪರೀಕ್ಷೆಯೇ ಸಾಕು. 2006ರಲ್ಲಿ ಬಂದ ಈ ಸೂತ್ರದ ಹೆಸರು ಫಿಬ್-4. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಬೇರೆಯಾಗಿ, ಪ್ಲೇಟ್‌ಲೆಟ್ ಅನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 50, ಎಎಸ್‌ಟಿ 60, ಎಎಲ್‌ಟಿ 64, ಪ್ಲೇಟ್‌ಲೆಟ್ 1.5 ಲಕ್ಷ ಅಂದ್ಕೊಳ್ಳಿ. 3000 ಭಾಗಿಸು 1200, ಅಂದ್ರೆ 2.5. ಹುಷಾರ್, ಇಲ್ಲಿ 1.5 ಲಕ್ಷವನ್ನು 150 ಅಂತ ಹಾಕಬೇಕು. 1.5 ಅಂತ ಹಾಕಿದ್ರೆ ಉತ್ತರ 250 ಬಂದು ಮನೆಯವರೆಲ್ಲ ಗಾಬರಿ ಬೀಳ್ತಾರೆ.

ಲಿವರಿಗೂ ಪ್ಲೇಟ್‌ಲೆಟ್‌ಗೂ ಏನು ಸಂಬಂಧ ಅಂತೀರಾ? ಲಿವರ್ ಗಟ್ಟಿಯಾದರೆ ಅದರೊಳಗೆ ಹೋಗುವ ರಕ್ತಕ್ಕೆ ತಡೆ. ಒತ್ತಡ ಹಿಂದಕ್ಕೆ ಸರಿದು ಗುಲ್ಮ, ಅಂದ್ರೆ ಸ್ಪ್ಲೀನ್, ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತೆ.

ಫ್ಯಾಟಿ ಲಿವರ್ ಇರುವವರಲ್ಲಿ ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ತೀವ್ರ ಫೈಬ್ರೋಸಿಸ್ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ನೋಡಲೇಬೇಕು. ನಡುವೆ ಬಂದರೆ ಫೈಬ್ರೋಸ್ಕ್ಯಾನ್, ಇಲ್ಲವೇ ಇಎಲ್‌ಎಫ್ ಎಂಬ ರಕ್ತ ಪರೀಕ್ಷೆ. ಇಎಲ್‌ಎಫ್ ಹುಡುಕೋದು ನಾರು ಕಟ್ಟುವಾಗ ರಕ್ತಕ್ಕೆ ಸೇರುವ ವಸ್ತುಗಳನ್ನೇ, ಉದಾಹರಣೆಗೆ ಹೈಯಲುರೋನಿಕ್ ಆಸಿಡ್. ಹೌದು, ನಿಮ್ಮ ಫೇಸ್ ಸೀರಮ್ ಬಾಟಲಿ ಮೇಲಿರೋ ಅದೇ ಹೆಸರು.

ಡೆಂಗಿ ಜ್ವರ ಬಂದಾಗಿನ ರಿಪೋರ್ಟ್ ಹಿಡಿದು ಲೆಕ್ಕ ಹಾಕಬೇಡಿ. ಆಗ ಪ್ಲೇಟ್‌ಲೆಟ್ ಇಳಿದು ಎಎಸ್‌ಟಿ ಏರಿರುತ್ತೆ, ಉತ್ತರ ಸುಮ್ಮನೆ ಹೆಚ್ಚು ಬರುತ್ತೆ. 65 ದಾಟಿದವರಿಗೆ ಕೆಳಗಿನ ಗಡಿ 1.3 ಅಲ್ಲ, 2. ನಿಮ್ಮದೇ ನಂಬರ್ ಹಾಕಿ ನೋಡೋ ಆಸೆ ಆಗ್ತಿದೆಯಾ? 35ರ ಒಳಗಿನವರಿಗೆ ಈ ಸೂತ್ರ ಅಷ್ಟಾಗಿ ನಂಬಿಕೆಗೆ ಬರಲ್ಲ. ಕಡಿಮೆ ಬಂತು ಅಂತ ಪಾರ್ಟಿ ಮಾಡೋ ಹಾಗಿಲ್ಲ. ನಿಮಗೂ ಫ್ಯಾಟಿ ಲಿವರ್ ಇದ್ದರೆ ಡಾಕ್ಟರ್ ಹತ್ರ ನೇರವಾಗಿ ಫೈಬ್ರೋಸ್ಕ್ಯಾನ್ ಬಗ್ಗೆ ಕೇಳಿ.